ಬೋರ್‌ವೆಲ್ಲಿನವನಷ್ಟೂ ಹೇಳದ ಚಿತ್ರಗಳು

ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಕಪ್ಪು ಹಿನ್ನೆಲೆ. ಗಾಳಿಯಲ್ಲಿ ತೇಲುತ್ತಿರುವ ಏಳೆಂಟು ಹಲಗೆಗಳು, ಒಂದರ ಮೇಲೊಂದು, ನಡುವೆ ಒಂದೇ ಸಮನಾದ ಅಂತರ. ಒಂದು ಹಸಿರು, ಒಂದು ಚಿನ್ನದ ಬಣ್ಣ, ಒಂದು ತಾಮ್ರ, ಇನ್ನೊಂದು ಗಾಜಿನ ಹಾಗೆ ಪಾರದರ್ಶಕ. ಎಲ್ಲವನ್ನೂ ಚುಚ್ಚಿಕೊಂಡು ಹೋದ ಹೊಳೆಯುವ ಸರಳುಗಳು. ಅಂಚಿನಲ್ಲಿ ನೀಲಿ ಬೆಳಕು. ಮಲ್ಟಿಲೇಯರ್ ಪಿಸಿಬಿ, ಅಂದರೆ ಬಹುಪದರದ ಸರ್ಕ್ಯೂಟ್ ಬೋರ್ಡು, ಒಳಗೆ ಹೇಗಿರುತ್ತದೆ ಅಂತ ತೋರಿಸುವ ತ್ರೀಡಿ ಚಿತ್ರ ಅದು. ಕಂಪನಿಗಳ ಬ್ರೋಷರಿನಲ್ಲಿದೆ, ಕಾಲೇಜಿನ ಪಿಪಿಟಿಯಲ್ಲಿದೆ, ಸ್ಟಾರ್ಟಪ್ಪಿನವರು ದುಡ್ಡು ಕೇಳೋಕೆ ಹೋಗುವಾಗ ಒಯ್ಯುವ ಸ್ಲೈಡಿನಲ್ಲಿದೆ. ಹಲಗೆಗಳ ಬಣ್ಣ ಬದಲಾಗುತ್ತೆ, ಚಿತ್ರ ಬದಲಾಗೋದಿಲ್ಲ.

ನನ್ನ ತಕರಾರು ಇಷ್ಟೇ. ಆ ಚಿತ್ರ ಸುಳ್ಳು. ಅರ್ಥವಾಗಲಿ ಅಂತ ಸರಳ ಮಾಡಿದ್ದಾರೆ ಅಂದುಕೊಂಡು ಬಿಡೋಣ ಅಂದ್ರೆ, ಅದು ಸರಳವೂ ಆಗಿಲ್ಲ. ಬೋರ್ಡನ್ನು ತಯಾರಿಸುವವನಿಗೆ, ಡಿಸೈನ್ ಮಾಡುವವನಿಗೆ, ರಿಪೇರಿ ಮಾಡುವವನಿಗೆ ಯಾವ್ಯಾವುದು ಗೊತ್ತಿರಬೇಕೋ ಸರಿಯಾಗಿ ಅವುಗಳಲ್ಲೇ ಅದು ತಪ್ಪು ಹೇಳುತ್ತದೆ. ಉಳಿದಿದ್ದನ್ನೆಲ್ಲ ಚೆಂದವಾಗಿ ತೋರಿಸುತ್ತದೆ.

ನಾನು ಸಂತೆಕಲ್ಲೂರಿನವನು. ಬೆಂಗಳೂರಲ್ಲಿ ಬೋರ್ಡ್ ಲೇಔಟ್ ಮಾಡೋದು ಹೊಟ್ಟೆಪಾಡು. ನಮ್ಮ ಕಡೆ ಯಾರದೋ ಹೊಲದಲ್ಲಿ ಬೋರ್ ಹೊಡೆದರೆ, ಸಂಜೆ ಕಟ್ಟೆ ಮೇಲೆ ಕೂತವರು ಕೇಳುವ ಪ್ರಶ್ನೆಗಳು ಗೊತ್ತಲ್ಲ: “ಎರಿ ಎಷ್ಟ್ ಫೂಟ್ ಹೋತ್ರೀ? ಗರಸು ಎಲ್ಲಿಗೆ ಹತ್ತಿತು? ಬಂಡಿ ಎಲ್ಲಿಂದ? ಕೇಸಿಂಗ್ ಎಷ್ಟ್ ಇಳಿಸಿದ್ರಿ?” ಬೋರ್‌ವೆಲ್ಲಿನವನು ಓದಿರಲಿ ಬಿಡಲಿ, ಈ ನಾಲ್ಕಕ್ಕೂ ಲೆಕ್ಕ ಇಟ್ಟಿರುತ್ತಾನೆ. ಯಾವ ಪದರ ಎಷ್ಟು ದಪ್ಪ, ಯಾವುದರ ಕೆಳಗೆ ಯಾವುದು, ತೂತು ಎಲ್ಲೆಲ್ಲಿ ಹಾದು ಹೋಗಿದೆ, ತೂತಿನ ಗೋಡೆಗೆ ಏನಿದೆ. “ಮೇಲೆ ಎರಿ, ಕೆಳಗ ಬಂಡಿ, ನಡುವ ಎಲ್ಲಾ ಸಮ ಐತ್ರಿ” ಅಂತ ಹೇಳಿದರೆ ಅವನಿಗೆ ಯಾರೂ ದುಡ್ಡು ಕೊಡೋದಿಲ್ಲ. ಬೋರ್ಡಿನ ಚಿತ್ರದವರಿಗೆ ಮಾತ್ರ ನಾವು ದುಡ್ಡೂ ಕೊಟ್ಟು ಚಪ್ಪಾಳೆಯನ್ನೂ ಹೊಡೀತೀವಿ.

ಹಾಗಾದ್ರೆ ಬೋರ್ಡಿನೊಳಗೆ ನಿಜವಾಗಿ ಏನಿದೆ? ಸಾಮಾನ್ಯ ನಾಲ್ಕು ಪದರದ ಬೋರ್ಡನ್ನೇ ತಗೊಳ್ಳಿ. ಒಟ್ಟು ದಪ್ಪ ಸುಮಾರು 1.6 ಮಿಲಿಮೀಟರ್. ನಾಲ್ಕು ಪದರ ಅಂದ್ರೆ ತಾಮ್ರದ ನಾಲ್ಕು ಪದರ. ನಡುವೆ ಇರೋದು ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಕುಡಿಸಿದ ಎಫ್‌ಆರ್-4 ಅನ್ನೋ ವಸ್ತು. ಮಾಡುವ ಕ್ರಮ ಹೀಗೆ. ಮೊದಲು ನಡುವಿನ ಗಟ್ಟಿ ಹಲಗೆ ಬರುತ್ತದೆ, ಅದಕ್ಕೆ ಕೋರ್ ಅಂತ ಹೆಸರು. ಅದರ ಎರಡೂ ಮುಖಕ್ಕೆ ಹುಟ್ಟಿನಿಂದಲೇ ತಾಮ್ರ ಅಂಟಿಕೊಂಡಿರುತ್ತದೆ. ಆ ತಾಮ್ರವನ್ನು ರಾಸಾಯನಿಕದಲ್ಲಿ ಕೊರೆದು ಒಳಗಿನ ಎರಡು ಪದರದ ನಕ್ಷೆ ಮಾಡುತ್ತಾರೆ. ಆಮೇಲೆ ಮೇಲೊಂದು ಕೆಳಗೊಂದು ಪ್ರಿಪ್ರೆಗ್, ಅಂದರೆ ಇನ್ನೂ ಪೂರ್ತಿ ಗಟ್ಟಿಯಾಗದ ಅಂಟಿನ ಬಟ್ಟೆ. ಅದರ ಹೊರಗೆ ತಾಮ್ರದ ತೆಳು ಹಾಳೆ. ಇಷ್ಟನ್ನೂ ಜೋಡಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದಾಗ ಅಂಟು ಕರಗಿ, ಹರಿದು, ಕೊರೆದ ಸಂದಿಗಳನ್ನೆಲ್ಲ ತುಂಬಿ, ಗಟ್ಟಿಯಾಗಿ ಒಂದೇ ಹಲಗೆ ಆಗುತ್ತದೆ. ಅದಾದ ಮೇಲೆ ತೂತು ಕೊರೆಯೋದು. ತೂತು ಕೊರೆದ ಮೇಲೆ ಅದರ ಒಳಗೋಡೆಗೆ ತಾಮ್ರ ಲೇಪಿಸೋದು. ಹೊರಗಿನ ಎರಡು ಪದರದ ನಕ್ಷೆ ಮೂಡೋದು ಕೊನೆಯಲ್ಲಿ.

ಈಗ ಆ ತೇಲುವ ಚಿತ್ರಕ್ಕೆ ಬರೋಣ. ನಾಲ್ಕು ಸುಳ್ಳು ಎಣಿಸುತ್ತೇನೆ.

ಮೊದಲನೆಯದು ದಪ್ಪದ ಸುಳ್ಳು. ಚಿತ್ರದಲ್ಲಿ ತಾಮ್ರ, ಅಂಟು, ಕೋರ್ ಎಲ್ಲವೂ ಒಂದೇ ದಪ್ಪದ ಬಿಸ್ಕತ್ತುಗಳು. ನಿಜವಾಗಿ ಹೊರಗಿನ ತಾಮ್ರ ಸುಮಾರು 35 ಮೈಕ್ರಾನ್, ತಲೆಗೂದಲಿನ ಅರ್ಧದಷ್ಟು. ಅಂಟಿನ ಪದರ ಸುಮಾರು 0.2 ಮಿಲಿಮೀಟರ್. ಕೋರ್ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಬೋರ್ಡನ್ನು ನೂರು ಪಟ್ಟು ಹಿಗ್ಗಿಸಿದರೆ ಒಟ್ಟು ದಪ್ಪ 16 ಸೆಂಟಿಮೀಟರ್. ಅದರಲ್ಲಿ ಕೋರ್ ಒಂದೇ 10-11 ಸೆಂಟಿಮೀಟರ್, ಅಂಟು ತಲಾ ಎರಡು ಸೆಂಟಿಮೀಟರ್, ಹೊರಗಿನ ತಾಮ್ರ ತಲಾ ಮೂರೂವರೆ ಮಿಲಿಮೀಟರ್. ಹತ್ತು ಸೆಂಟಿಮೀಟರ್ ಅಗಲದ ಬೋರ್ಡಾಗಿದ್ದರೆ ಈ ಅಳತೆಯಲ್ಲಿ ಅದರ ಅಗಲ ಹತ್ತು ಮೀಟರ್ ಆಗುತ್ತೆ. ಇನ್ನು ಮೇಲೆ ಹಾಕುವ ಚಿನ್ನ? ನಿಕ್ಕಲ್ಲಿನ ಮೇಲೆ ಲೇಪಿಸುವ ಚಿನ್ನ ಸಾಮಾನ್ಯವಾಗಿ ಮೈಕ್ರಾನಿನ ಇಪ್ಪತ್ತನೇ ಒಂದು ಭಾಗದಷ್ಟು, ಹೆಚ್ಚೆಂದರೆ ಹತ್ತನೇ ಒಂದು ಭಾಗ. ಚಿತ್ರದಲ್ಲಿ ಅದು ರೊಟ್ಟಿಯಷ್ಟು ದಪ್ಪ. ನಮ್ಮ ಪಕ್ಕದ ಹಟ್ಟಿ ಚಿನ್ನದ ಗಣಿಯವರಿಗೆ ತೋರಿಸಿದರೆ, ಅಷ್ಟು ಚಿನ್ನ ಸಿಗೋದಾದ್ರೆ ನಾವು ಭೂಮಿ ಯಾಕೆ ಅಗೀತಿದ್ವಿ ಅಂತ ಕೇಳ್ತಾರೆ.

“ಇದ್ದದ್ದು ಇದ್ದ ಹಾಗೇ ಬರೆದರೆ ತಾಮ್ರ ಕಾಣೋದೇ ಇಲ್ವಲ್ಲ?” ಅಂತೀರಿ. ಸರಿ, ಒಪ್ಪಿದೆ. ಹಿಗ್ಗಿಸಿ. ಆದರೆ ಹಿಗ್ಗಿಸಿದ್ದೀವಿ ಅಂತ ಬರೀರಿ. ಭೂಗರ್ಭಶಾಸ್ತ್ರದವರು ಅಡ್ಡಸೀಳು ಚಿತ್ರ ಬರೆಯುವಾಗ ಎತ್ತರವನ್ನು ಅಗಲಕ್ಕಿಂತ ಇಷ್ಟು ಪಟ್ಟು ಹಿಗ್ಗಿಸಿದೆ ಅಂತ ಮೂಲೆಯಲ್ಲಿ ನಮೂದಿಸುತ್ತಾರೆ. ಗಣಿಯ ನಕ್ಷೆಯಲ್ಲಿ ಯಾವ ಮಟ್ಟ ಎಷ್ಟು ಆಳದಲ್ಲಿದೆ ಅನ್ನೋದು ಇಲ್ಲದಿದ್ದರೆ ಕೆಳಗೆ ಇಳಿದವರ ಜೀವಕ್ಕೆ ಆಪತ್ತು. ಬೋರ್ಡಿನ ಚಿತ್ರಕ್ಕೆ ಆ ಒಂದು ಸಾಲು ಬರೆಯೋಕೆ ಏನು ಕಷ್ಟ? “ಎತ್ತರ 10 ಪಟ್ಟು, ತಾಮ್ರ 20 ಪಟ್ಟು ಹಿಗ್ಗಿಸಿದೆ” ಅಂತ ಬರೆದು ಪಕ್ಕದಲ್ಲಿ ನಿಜವಾದ ಮೈಕ್ರಾನ್ ಹಾಕಿದರೆ ಮುಗೀತು.

ದಪ್ಪ ಗೊತ್ತಾಗಿ ಏನಾಗಬೇಕು ಅಂತ ಕೇಳಬೇಡಿ. ವೇಗದ ಸಿಗ್ನಲ್ ಹೋಗುವ ಗೆರೆ ಎಷ್ಟು ಅಗಲ ಇರಬೇಕು ಅನ್ನೋದನ್ನು ನಿರ್ಧರಿಸೋದೇ ಆ ಗೆರೆಗೂ ಕೆಳಗಿನ ಗ್ರೌಂಡ್ ಪದರಕ್ಕೂ ನಡುವಿನ ದೂರ. 50 ಓಮ್ ಬೇಕು ಅಂದ್ರೆ, 0.2 ಮಿಲಿಮೀಟರ್ ಕೆಳಗೆ ಗ್ರೌಂಡ್ ಇದ್ದಾಗ ಗೆರೆಯ ಅಗಲ ಸುಮಾರು 0.35 ಮಿಲಿಮೀಟರ್. ಅದೇ ಗ್ರೌಂಡ್ ಒಂದೂವರೆ ಮಿಲಿಮೀಟರ್ ಕೆಳಗಿದ್ದರೆ ಗೆರೆ ಎರಡೂವರೆ ಮಿಲಿಮೀಟರಿಗಿಂತ ಅಗಲ ಬೇಕು. ಎಲ್ಲ ಅಂತರವನ್ನೂ ಸಮ ಮಾಡಿ ತೋರಿಸಿದ ಚಿತ್ರ ನೋಡಿ ಕಲಿತ ಹುಡುಗನಿಗೆ ಒಂದನೇ ಪದರದಿಂದ ಎರಡನೇ ಪದರಕ್ಕೆ ಇರುವ ದೂರವೂ ಎರಡರಿಂದ ಮೂರಕ್ಕೆ ಇರುವ ದೂರವೂ ಒಂದೇ. ನಿಜದಲ್ಲಿ ಎರಡನೆಯದು ಐದು ಪಟ್ಟು ಹೆಚ್ಚು.

ಎರಡನೆಯದು ಬಿಡಿಸಿಟ್ಟ ಸುಳ್ಳು. ಪದರಗಳನ್ನು ಒಂದೊಂದಾಗಿ ಗಾಳಿಯಲ್ಲಿ ಬಿಡಿಸಿ ತೋರಿಸುವ ಪದ್ಧತಿ ಒಳ್ಳೆಯದೇ. ಬೈಕಿನ ಬಿಡಿಭಾಗಗಳ ಪುಸ್ತಕದಲ್ಲಿ ಗೇರ್‌ಬಾಕ್ಸನ್ನು ಹಾಗೇ ಬಿಡಿಸಿರುತ್ತಾರೆ, ಮೆಕ್ಯಾನಿಕ್ ಅದೇ ಕ್ರಮದಲ್ಲಿ ಬಿಚ್ಚಿ ಅದೇ ಕ್ರಮದಲ್ಲಿ ಜೋಡಿಸುತ್ತಾನೆ. ಅಲ್ಲಿ ಚಿತ್ರದಲ್ಲಿ ಎಲ್ಲಿ ಬಿಡುವಿದೆಯೋ ವಸ್ತುವಿನಲ್ಲೂ ಅಲ್ಲೇ ಬಿಡುವಿದೆ. ಬೋರ್ಡಿನ ಚಿತ್ರದಲ್ಲಿ? ಕೋರಿನಿಂದ ಅದರ ತಾಮ್ರವನ್ನು ಕಿತ್ತು ಬೇರೆ ಹಲಗೆಯಾಗಿ ತೇಲಿಸಿರುತ್ತಾರೆ. ಅದು ಎಂದೂ ಬೇರೆ ಇರಲಿಲ್ಲ, ಒಳಪದರದ ತಾಮ್ರ ಕೋರಿನ ಚರ್ಮ ಇದ್ದ ಹಾಗೆ. ಅಂಟಿನ ಬಟ್ಟೆ ಯಾವುದು, ಗಟ್ಟಿ ಹಲಗೆ ಯಾವುದು ಅನ್ನೋ ಭೇದವೇ ಚಿತ್ರದಲ್ಲಿಲ್ಲ, ಎರಡಕ್ಕೂ ಒಂದೇ ಹಳದಿ. ಮೈಸೂರು, ನಂಜನಗೂಡಿನ ಕಡೆ ಬೋರ್ಡ್ ತಯಾರಿಕೆ ದಶಕಗಳಿಂದ ಇದೆ. ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ನಂಜನಗೂಡಿನ ಇಂಡಾಲ್ ಎಲೆಕ್ಟ್ರಾನಿಕ್ಸನ್ನು ಕೊಂಡಿದ್ದು 1999ರಲ್ಲಿ. ಬೋರ್ಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ಕೆಲಸ ಮಾಡುವ ಯಾವನಿಗಾದರೂ ಆ ಚಿತ್ರ ತೋರಿಸಿ, ಇದನ್ನು ಯಾವ ಕ್ರಮದಲ್ಲಿ ಜೋಡಿಸಲಿ ಅಂತ ಕೇಳ್ತಾನೆ. ಚಿತ್ರದಲ್ಲಿ ಉತ್ತರ ಇಲ್ಲ.

ಮೂರನೆಯದು ಸರಳಿನ ಸುಳ್ಳು. ಪದರದಿಂದ ಪದರಕ್ಕೆ ಸಂಪರ್ಕ ಕೊಡುವ ತೂತಿಗೆ ವಯಾ ಅಂತಾರೆ. ಚಿತ್ರದಲ್ಲಿ ಅದು ಗಟ್ಟಿಯಾದ ತಾಮ್ರದ ಕಡ್ಡಿ, ಶಾಮಿಯಾನದ ಕಂಬದ ಹಾಗೆ ಎಲ್ಲ ಹಲಗೆಗಳನ್ನೂ ಎತ್ತಿ ಹಿಡಿದಿರುತ್ತದೆ. ನಿಜವಾದ ಸಾಧಾರಣ ವಯಾ ಟೊಳ್ಳು. ಒತ್ತಿ ಮುಗಿದ ಹಲಗೆಗೆ ಕೊರೆದ ತೂತು, ಗೋಡೆಗೆ 20-25 ಮೈಕ್ರಾನ್ ತಾಮ್ರ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬೋರ್‌ವೆಲ್ಲಿಗೆ ಇಳಿಸಿದ ಕೇಸಿಂಗ್ ಪೈಪು.

ಇದರಲ್ಲೇನು ದೊಡ್ಡ ವಿಷಯ? ಇದೆ. ಎರೆಭೂಮಿಯಲ್ಲಿ ಮನೆ ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮಳೆಗಾಲದಲ್ಲಿ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಗೋಡೆ ಅದರ ಜೊತೆ ಉಬ್ಬೋದಿಲ್ಲ, ಕುಗ್ಗೋದಿಲ್ಲ, ಬಿರಿಯುತ್ತದೆ. ಬೋರ್ಡಿನಲ್ಲೂ ಅದೇ ಕಥೆ, ಅಲ್ಲಿ ನೀರಿನ ಜಾಗದಲ್ಲಿ ಬಿಸಿ. ಎಫ್‌ಆರ್-4 ಅಗಲದಲ್ಲಿ ಹೆಚ್ಚು ಹಿಗ್ಗೋದಿಲ್ಲ, ಒಳಗಿನ ಗಾಜಿನ ನೂಲು ಹಿಡಿದುಕೊಂಡಿರುತ್ತದೆ. ಆದರೆ ದಪ್ಪದ ದಿಕ್ಕಿನಲ್ಲಿ ಹಿಡಿಯೋರು ಯಾರೂ ಇಲ್ಲ. ನೂರು ಡಿಗ್ರಿ ಬಿಸಿ ಏರಿದರೆ 1.6 ಮಿಲಿಮೀಟರ್ ಬೋರ್ಡು ದಪ್ಪದಲ್ಲಿ ಸುಮಾರು 10 ಮೈಕ್ರಾನ್ ಹಿಗ್ಗುತ್ತದೆ. ಅದೇ ಬಿಸಿಗೆ ಅಷ್ಟೇ ಉದ್ದದ ತಾಮ್ರ ಹಿಗ್ಗುವುದು ಮೂರು ಮೈಕ್ರಾನಿಗಿಂತ ಕಡಿಮೆ. ಉಳಿದ ಏಳು ಮೈಕ್ರಾನನ್ನು ಆ ತೆಳು ಗೋಡೆ ಎಳೆಸಿಕೊಂಡು ತಡೀಬೇಕು. ಬೆಸುಗೆ ಒಲೆಯ ಇನ್ನೂರೈವತ್ತರ ಆಸುಪಾಸಿನ ಬಿಸಿಯಲ್ಲಿ ಎಪಾಕ್ಸಿ ಮೆತ್ತಗಾಗಿ ಇನ್ನೂ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ದಿನವೂ ಬಿಸಿ, ದಿನವೂ ತಂಪು, ವರ್ಷಗಟ್ಟಲೆ. ಒಂದು ದಿನ ಕೇಸಿಂಗ್ ಪೈಪು ನಡುವೆ ಸೀಳುತ್ತದೆ. ಗಟ್ಟಿ ಕಡ್ಡಿಯ ಚಿತ್ರ ನೋಡಿ ಬೆಳೆದವನಿಗೆ ಈ ರೋಗ ಇರಬಹುದು ಅನ್ನೋ ಅನುಮಾನವೇ ಬರೋದಿಲ್ಲ.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು, ಅಖಂಡ ಹಾಳೆಯ ಸುಳ್ಳು. ಒಳಗಿನ ಗ್ರೌಂಡ್ ಪದರವನ್ನು ಒಂದು ಗಾಯವೂ ಇಲ್ಲದ ತಾಮ್ರದ ತಗಡಿನ ಹಾಗೆ ತೋರಿಸುತ್ತಾರೆ. ಯೋಚನೆ ಮಾಡಿ. ಆ ಪದರಕ್ಕೆ ಸಂಬಂಧವಿಲ್ಲದ ವಯಾಗಳೂ ಅದನ್ನು ಹಾದು ಹೋಗಬೇಕು. ಮುಟ್ಟಿದರೆ ಶಾರ್ಟು. ಹಾಗಾಗಿ ಪ್ರತಿಯೊಂದು ವಯಾದ ಸುತ್ತ ತಾಮ್ರವನ್ನು ದುಂಡಗೆ ತೆಗೆದು ಜಾಗ ಬಿಟ್ಟಿರುತ್ತಾರೆ. ಹತ್ತಿಪ್ಪತ್ತು ವಯಾ ಸಾಲಾಗಿ ಒತ್ತೊತ್ತಾಗಿ ಬಂದರೆ ಆ ದುಂಡು ಕಿಂಡಿಗಳು ಕೂಡಿಕೊಂಡು ಹಾಳೆಯಲ್ಲಿ ಉದ್ದಕ್ಕೆ ಸೀಳು ಬೀಳುತ್ತದೆ.

ಸೀಳು ಬಿದ್ದರೆ ಏನಾಯ್ತು? ಕರೆಂಟನ್ನು ನಾವು ಕಾಲುವೆ ನೀರಿನ ಹಾಗೆ ಕಲಿತಿದ್ದೇವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಗದ್ದೆಗೆ ಬಂದ ಮೇಲೆ ಮತ್ತೆ ಡ್ಯಾಮಿಗೆ ಹೋಗಬೇಕಿಲ್ಲ. ಕರೆಂಟು ಹೋಗಲೇಬೇಕು. ಹೊರಟಲ್ಲಿಗೆ ವಾಪಸ್ ಬರದೆ ಅದಕ್ಕೆ ಗತಿಯೇ ಇಲ್ಲ. ವೇಗದ ಸಿಗ್ನಲ್ ಆದರೆ ವಾಪಸ್ ಬರುವ ಕರೆಂಟು ಆ ಗೆರೆಯ ನೇರ ಕೆಳಗೇ, ಗ್ರೌಂಡ್ ಹಾಳೆಯಲ್ಲಿ, ಅದರ ನೆರಳಿನ ಹಾಗೆ ಬರುತ್ತದೆ. ಮಧ್ಯೆ ಸೀಳಿದ್ದರೆ ಸುತ್ತು ಹಾಕಿಕೊಂಡು ಬರಬೇಕು. ಆ ಸುತ್ತೇ ಒಂದು ಆಂಟೆನಾ. ಮನೆಯ ರೇಡಿಯೋ ಗೊರಗೊರ ಅನ್ನೋಕೆ, ಸರ್ಟಿಫಿಕೇಶನ್ ಪರೀಕ್ಷೆಯಲ್ಲಿ ಪ್ರಾಡಕ್ಟ್ ಫೇಲಾಗೋಕೆ ಇದು ಬಲು ಸಾಮಾನ್ಯ ಕಾರಣ. ಬಹುಪದರದ ಬೋರ್ಡನ್ನು ತ್ರೀಡಿಯಲ್ಲಿ ಬರೆಯೋಕೆ ಒಂದು ಗಟ್ಟಿ ಕಾರಣ ಇದ್ದರೆ ಅದು ಇದೇ. ಮೇಲಿನ ಗೆರೆ, ಅದರ ಕೆಳಗಿನ ಹಾಳೆ, ಹಾಳೆಯ ಸೀಳು, ವಾಪಸ್ ದಾರಿ, ನಾಲ್ಕೂ ಒಟ್ಟಿಗೆ ಒಂದೇ ನೋಟಕ್ಕೆ ಕಾಣೋದು ತ್ರೀಡಿಯಲ್ಲಿ ಮಾತ್ರ. ಅದೊಂದನ್ನೇ ಬಿಟ್ಟು ಉಳಿದ ಎಲ್ಲಾ ಹೊಳಪು ಹಾಕ್ತಾರೆ ನಮ್ಮ ಜನ.

ಈಗ ಯಾರಿಗೆ ನಷ್ಟ ಅಂತ ಹೇಳ್ತೀನಿ. ಸಿಂಧನೂರು ಭತ್ತದ ನಾಡು, ರೈಸ್ ಮಿಲ್ಲುಗಳ ಊರು. ಮಿಲ್ಲುಗಳಲ್ಲಿ ಈಗ ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳು ಊದಿ ಎಸೆಯುವ ಯಂತ್ರಗಳಿವೆ. ಒಳಗೆ ಕ್ಯಾಮೆರಾ, ಸಾಲುಸಾಲು ಗಾಳಿಯ ವಾಲ್ವು, ಅವುಗಳನ್ನು ಆಡಿಸುವ ಬಹುಪದರದ ಬೋರ್ಡು. ಧೂಳು ಸಾಕಷ್ಟು, ರಾಯಚೂರು ಜಿಲ್ಲೆಯ ಬಿಸಿಲು ಕೇಳಲೇಬೇಡಿ. ಇಂಥ ಯಂತ್ರ ಬೆಳಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ನಿಂತುಬಿಟ್ಟರೆ, ರಾತ್ರಿ ತಣ್ಣಗಾದ ಮೇಲೆ ಮತ್ತೆ ತಾನೇ ಸರಿಹೋದರೆ, ಮೇಲೆ ಹೇಳಿದ ಸೀಳಿದ ವಯಾವನ್ನು ಮೊದಲು ಅನುಮಾನಿಸುವವರ ಪಟ್ಟಿಯಲ್ಲಿ ಇಡಬೇಕು. ಬಿಸಿಯಾದಾಗ ಹಲಗೆ ಹಿಗ್ಗಿ ಸೀಳು ತೆರೆಯುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಇದು ಗೊತ್ತಿರುವ ಮೆಕ್ಯಾನಿಕ್ಕು ಮೀಟರು ಹಿಡಿದು, ಹೇರ್ ಡ್ರೈಯರಿನಲ್ಲಿ ಒಂದೊಂದು ಜಾಗವನ್ನು ಬಿಸಿ ಮಾಡುತ್ತಾ ಹುಡುಕಿ, ಆ ತೂತಿಗೆ ತೆಳು ತಂತಿ ಹಾಕಿ ಬೆಸೆದು ಮಿಲ್ಲು ಓಡಿಸಬಲ್ಲ. ಗೊತ್ತಿಲ್ಲದವನು “ಬೋರ್ಡ್ ಹೋಗೈತ್ರಿ, ಹೊಸದ ತರಿಸ್ರಿ” ಅಂತಾನೆ. ಹೊಸದು ಬರುವ ತನಕ ಸುಗ್ಗಿ ಕಾಯುತ್ತಾ? ಆ ಮೆಕ್ಯಾನಿಕ್ಕಿಗೆ ಯಂತ್ರದ ಜೊತೆ ಸಿಕ್ಕಿರೋದು ಅದೇ ತೇಲುವ ಹಲಗೆಗಳ ಬಣ್ಣದ ಪುಟ.

ಅವನಿಗೆ ಡಿಗ್ರಿ ಇಲ್ಲ ಅಂತ ಮೂಗು ಮುರೀಬೇಡಿ. ಅವನು ಓದಿದ ಪಾಲಿಟೆಕ್ನಿಕ್ಕಿನಲ್ಲೂ, ನಾವು ನೀವು ಓದಿದ ಇಂಜಿನಿಯರಿಂಗ್ ಕಾಲೇಜಿನಲ್ಲೂ ಇದ್ದದ್ದು ಇದೇ ಚಿತ್ರದ ಜೆರಾಕ್ಸು. ಇಲ್ಲಿ ಬೆಂಗಳೂರಲ್ಲಿ ನಾವು ಗರ್ಬರ್ ಫೈಲು ಕಳಿಸಿ ಕೈ ತೊಳ್ಕೋತೀವಿ. ಬೋರ್ಡು ಕೊರಿಯರಿನಲ್ಲಿ ಬರುತ್ತೆ, ಒಳಗೆ ಏನಾಯ್ತು ಅಂತ ಕಣ್ಣಾರೆ ನೋಡಿದವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ?

ಬಿಡಿಭಾಗಗಳನ್ನು ಇಲ್ಲೇ ಮಾಡಬೇಕು ಅಂತ ಕೇಂದ್ರ ಸರ್ಕಾರ 2025ರಲ್ಲಿ 22,919 ಕೋಟಿ ರೂಪಾಯಿಯ ಯೋಜನೆ ತಂದಿದೆ. ಬಹುಪದರದ ಬೋರ್ಡುಗಳೂ ಅದರಲ್ಲಿ ಸೇರಿವೆ. ಒಳ್ಳೇದು. ಪ್ರೆಸ್ಸು ಬರುತ್ತೆ, ಕೊರೆಯುವ ಮೆಷಿನ್ನು ಬರುತ್ತೆ. ಅವುಗಳ ಮುಂದೆ ನಿಲ್ಲುವ ಹುಡುಗರ ತಲೆಯೊಳಗೆ ಬೋರ್ಡಿನ ಯಾವ ಚಿತ್ರ ಇರುತ್ತೆ?

ನನ್ನ ಜೊತೆ ಜಗಳಕ್ಕೆ ಬರೋರು ಮೂರು ಮಾತು ಹೇಳ್ತಾರೆ.

“ಗುರೂ, ಅದು ಮಾರ್ಕೆಟಿಂಗ್ ಚಿತ್ರ, ನೀನು ಯಾಕೆ ಸೀರಿಯಸ್ಸಾಗಿ ತಗೋತೀಯ?” ಮಾರ್ಕೆಟಿಂಗಿನವರು ತಮ್ಮ ಬ್ರೋಷರಿನಲ್ಲೇ ಇಟ್ಟುಕೊಂಡಿದ್ದರೆ ನಾನು ಸುಮ್ಮನಿರ್ತಿದ್ದೆ. ಅದು ಪಾಠಕ್ಕೆ ಬಂತು, ಸರ್ವಿಸ್ ಮ್ಯಾನ್ಯುಯಲ್ಲಿಗೆ ಬಂತು, ಡಿಸೈನ್ ರಿವ್ಯೂಗೂ ಬಂತು. ಮದುವೆ ಫೋಟೋವನ್ನು ಎಕ್ಸ್‌ರೇ ಅಂತ ಡಾಕ್ಟರಿಗೆ ತೋರಿಸಿದ ಹಾಗಾಯ್ತು.

“ಇಂಜಿನಿಯರುಗಳಿಗೆ ಟೂಡಿ ಸಾಕು, ತ್ರೀಡಿ ಎಲ್ಲ ಶೋಕಿ.” ಅನುಭವಸ್ಥರಿಗೆ ಸಾಕು, ನಿಜ. ಹತ್ತು ವರ್ಷ ಕೆಲಸ ಮಾಡಿದವರು ನಾಲ್ಕು ಪದರವನ್ನು ನಾಲ್ಕು ಬಣ್ಣದಲ್ಲಿ ನೋಡಿ ತಲೆಯಲ್ಲೇ ಎತ್ತರ ಕಟ್ಟಿಕೊಳ್ಳುತ್ತಾರೆ. ಆ ಹತ್ತು ವರ್ಷ ಕಳೆಯದವರಿಗಾಗಿಯೇ ಅಲ್ವಾ ಚಿತ್ರ ಅನ್ನೋದು ಇರೋದು? ಹೊಸದಾಗಿ ಸೇರಿದ ಹುಡುಗಿಗೆ “ನಿನಗೇ ಗೊತ್ತಾಗುತ್ತೆ ಬಿಡು” ಅನ್ನೋದು ಪಾಠ ಅಲ್ಲ, ಸೋಮಾರಿತನ.

“ಸಾಫ್ಟ್‌ವೇರಿನಲ್ಲೇ ತ್ರೀಡಿ ಇದೆಯಲ್ಲ, ಬಟನ್ ಒತ್ತಿದರೆ ಬರುತ್ತೆ.” ಬರುತ್ತೆ. ಬಿಡಿಭಾಗಗಳು ಡಬ್ಬಿಯೊಳಗೆ ಕೂರ್ತಾವಾ ಅಂತ ನೋಡೋಕೆ ಅದು ಬಹಳ ಉಪಯೋಗ. ಆದರೆ ಅಲ್ಲಿ ಮೊದಲಿಗೆ ಕಾಣೋದು ಹೊರಗಿನ ಹಸಿರು ಬಣ್ಣ. ಹಲಗೆಯನ್ನು ಮರೆಮಾಡಿದರೆ ಒಳಗಿನ ತಾಮ್ರವೂ ಕಾಣುತ್ತೆ, ಆದರೆ ಎಲ್ಲವೂ ಒಟ್ಟಿಗೆ, ಸಂತೆಯ ಹಾಗೆ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅನ್ನೋ ತೀರ್ಮಾನ ಬಟನ್ನು ಮಾಡೋದಿಲ್ಲ, ಬರೆಯುವವರು ಮಾಡಬೇಕು. ಈಗಂತೂ ಎಐಗೆ ಹೇಳಿ ಮಾಡಿಸಿದ ಚಿತ್ರಗಳು ಬಂದಿವೆ. ಗೆರೆಗಳು ಎಲ್ಲಿಂದಲೋ ಹೊರಟು ಎಲ್ಲಿಗೂ ತಲುಪೋದಿಲ್ಲ, ವಯಾ ಅರ್ಧಕ್ಕೇ ಮಾಯ. ಅದನ್ನೂ ಸ್ಲೈಡಿಗೆ ಅಂಟಿಸ್ತಾರೆ, ಯಾರೂ ಕೇಳೋದಿಲ್ಲ. ತೇಲುವ ಹಲಗೆಗೆ ಒಗ್ಗಿದ ಕಣ್ಣಿಗೆ ಈ ಸುಳ್ಳೂ ಹೊಸದಾಗಿ ಕಾಣಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಬೈದು ಸುಮ್ಮನಾಗೋದು ನ್ಯಾಯ ಅಲ್ಲ, ಹೇಳ್ತೀನಿ.

ಮೊದಲು, ಪದರಗಳನ್ನು ತೇಲಿಸೋದರ ಬದಲು ಬೋರ್ಡಿನ ಒಂದು ಮೂಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ. ಬಾವಿಯ ಮೆಟ್ಟಿಲಿನ ಹಾಗೆ. ಒಂದೊಂದು ಮೆಟ್ಟಿಲಿನ ಮೇಲೆ ಒಂದೊಂದು ಪದರದ ನಕ್ಷೆ ಕಾಣುತ್ತದೆ, ಮೆಟ್ಟಿಲಿನ ನಿಲುವು ಮುಖದಲ್ಲಿ ದಪ್ಪ ಕಾಣುತ್ತದೆ. ಬೋರ್ಡು ಬೋರ್ಡಾಗಿಯೇ ಉಳಿಯುತ್ತದೆ, ಯಾವುದೂ ಗಾಳಿಯಲ್ಲಿಲ್ಲ. ಬಿಡಿಸಿಯೇ ತೋರಿಸಬೇಕು ಅಂದ್ರೆ ಫ್ಯಾಕ್ಟರಿಯಲ್ಲಿ ಜೋಡಿಸುವ ಹಾಗೇ ಬಿಡಿಸಿ: ಹಾಳೆ, ಅಂಟು, ತಾಮ್ರದ ಸಮೇತ ಕೋರ್, ಅಂಟು, ಹಾಳೆ. ಐದೇ ತುಂಡು. ಆ ಹಂತದಲ್ಲಿ ತೂತು ಇರಬಾರದು, ಯಾಕಂದ್ರೆ ಇನ್ನೂ ಕೊರೆದಿಲ್ಲ.

ಎರಡನೆಯದು, ಕನಿಷ್ಠ ಒಂದು ವಯಾವನ್ನಾದರೂ ಉದ್ದಕ್ಕೆ ಸೀಳಿ ತೋರಿಸಿ. ಟೊಳ್ಳು ಕಾಣಲಿ. ಅದು ಯಾವ ಪದರಕ್ಕೆ ಅಂಟಿದೆ, ಯಾವ ಪದರದಿಂದ ದೂರ ನಿಂತಿದೆ ಅನ್ನೋದು ಕಾಣಲಿ.

ಮೂರನೆಯದು, ಕ್ಯಾಮೆರಾ ಕೋನದ ಹುಚ್ಚು ಬಿಡಿ. ಹತ್ತಿರದ್ದು ದೊಡ್ಡದಾಗಿ ದೂರದ್ದು ಚಿಕ್ಕದಾಗಿ ಕಾಣುವ ಸಿನಿಮಾ ನೋಟದಲ್ಲಿ ಏನನ್ನೂ ಅಳೆಯೋಕಾಗಲ್ಲ. ಐಸೊಮೆಟ್ರಿಕ್ ಪದ್ಧತಿಯಲ್ಲಿ ಬರೆಯಿರಿ. ಸಮಾಂತರ ಗೆರೆಗಳು ಸಮಾಂತರವಾಗೇ ಉಳಿಯುತ್ತವೆ, ಮೂರು ದಿಕ್ಕಿನ ಅಳತೆಯೂ ಒಂದೇ ಸ್ಕೇಲಿನಲ್ಲಿ ಸಿಗುತ್ತದೆ. ಎತ್ತರ ಹಿಗ್ಗಿಸಿದ್ದರೆ ಎಷ್ಟು ಪಟ್ಟು ಅಂತ ಅದೇ ಮೂಲೆಯಲ್ಲಿ ಬರೀರಿ. ಈ ಪದ್ಧತಿಯನ್ನು 1822ರಲ್ಲಿ ವಿವರಿಸಿ ಬರೆದ ಕೇಂಬ್ರಿಡ್ಜಿನ ವಿಲಿಯಂ ಫಾರಿಶ್ ಎಂಬ ಮೇಷ್ಟ್ರಿಗೆ ಇದ್ದ ಸಮಸ್ಯೆ ಏನು ಗೊತ್ತಾ? ಪಾಠಕ್ಕೆ ಬೇಕಾದ ಯಂತ್ರಗಳ ಮಾದರಿಯನ್ನು ಅವರ ಸಹಾಯಕರು ಚಿತ್ರ ನೋಡಿ ತಾವೇ ಜೋಡಿಸಬೇಕಿತ್ತು. ಕೆಲಸದವನ ಕೈಗೆ ದಾರಿ ತೋರಿಸೋಕೆ ಹುಟ್ಟಿದ ಪದ್ಧತಿ ಅದು.

ನಾಲ್ಕನೆಯದು, ಒಂದು ಚಿತ್ರಕ್ಕೆ ಒಂದೇ ಪ್ರಶ್ನೆ. ವಾಪಸ್ ದಾರಿ ತೋರಿಸೋದಾದ್ರೆ ಅದನ್ನಷ್ಟೇ ಬಣ್ಣದಲ್ಲಿ ತೋರಿಸಿ, ಉಳಿದದ್ದೆಲ್ಲ ಬೂದು. ಇಷ್ಟಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಬೋರ್ಡಿಗೆ ಕೀಕ್ಯಾಡ್, ಮಾಡೆಲ್ಲಿಗೆ ಬ್ಲೆಂಡರ್, ಗೆರೆ ಬರಹಕ್ಕೆ ಇಂಕ್‌ಸ್ಕೇಪ್, ಮೂರೂ ಪುಕ್ಕಟೆ. ಅದೂ ಬೇಡ ಅಂದ್ರೆ ಐಸೊಮೆಟ್ರಿಕ್ ಗೆರೆ ಹಾಕಿದ ಹಾಳೆ, ಪೆನ್ಸಿಲ್ಲು. ಶನಿವಾರ ಒಂದು ಮಧ್ಯಾಹ್ನ ಸಾಕು.

ಐದನೆಯದಕ್ಕೆ ನಗೋರು ಇದ್ದಾರೆ, ನಗಲಿ. ಹೆಸರುಗಳನ್ನು ಕನ್ನಡದಲ್ಲಿ ಬರೀರಿ. ಕನ್ನಡ ಅಂದ ಕೂಡಲೇ ಬಾಯಲ್ಲಿ ಹೊರಳದ ಸಂಸ್ಕೃತ ಪದ ಕಟ್ಟಿ ಅಂತ ನಾನು ಹೇಳ್ತಿಲ್ಲ. ವಯಾ ವಯಾ ಆಗೇ ಇರಲಿ, ಕೋರ್ ಕೋರ್ ಆಗೇ ಇರಲಿ, ಕನ್ನಡ ಲಿಪಿಯಲ್ಲಿ. ಜೊತೆಗೆ ಅಂಟುಪದರ, ತಾಮ್ರದ ಹಾಳೆ, ತೂತಿನ ಗೋಡೆ, ವಾಪಸ್ ದಾರಿ, ಬಿಟ್ಟ ಜಾಗ. ಇವೆಲ್ಲ ಯಾರಿಗೆ ಅರ್ಥವಾಗಲ್ಲ? ತಾಂತ್ರಿಕ ವಿಷಯ ಕನ್ನಡದಲ್ಲಿ ಆಗಲ್ಲ ಅನ್ನೋರಿಗೆ ನಮ್ಮೂರಿನದೇ ಉತ್ತರ ಇದೆ. ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು 19ನೇ ಶತಮಾನದಲ್ಲೇ ‘ಕೃಷಿ ಜ್ಞಾನ ಪ್ರದೀಪಿಕೆ’ ಅಂತ ಒಕ್ಕಲುತನದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು. ಮಠದಲ್ಲಿ ಕೂತವರಿಗೆ ಹೊಲದಲ್ಲಿ ನಿಂತವನ ಕೆಲಸದ ಬಗ್ಗೆ ಬರೀಬೇಕು ಅನ್ನಿಸಿತ್ತು. ಏರ್ ಕಂಡೀಷನ್ ಆಫೀಸಿನಲ್ಲಿ ಕೂತ ನಮಗೆ ಸಿಂಧನೂರಿನ ಮಿಲ್ಲಿನಲ್ಲಿ ಮೀಟರು ಹಿಡಿದು ನಿಂತವನಿಗಾಗಿ ಒಂದು ಚಿತ್ರ ಬರೀಬೇಕು ಅನ್ನಿಸೋದಿಲ್ಲ ಅಂದ್ರೆ, ಅದಕ್ಕೆ ಭಾಷೆಯನ್ನು ದೂರಿ ಪ್ರಯೋಜನ ಇಲ್ಲ.

ಚೆಂದದ ಚಿತ್ರದ ಮೇಲೆ ನನಗೆ ದ್ವೇಷ ಇಲ್ಲ. ಸರಿಯಾಗಿ ಬರೆದ ಅಡ್ಡಸೀಳಿನ ಚಿತ್ರದಷ್ಟು ಚೆಂದದ್ದು ನನ್ನ ಕೆಲಸದಲ್ಲಿ ನಾನು ಬೇರೆ ನೋಡಿಲ್ಲ. ನೂರಾರು ವಯಾ, ಗಾಯಗೊಂಡ ಗ್ರೌಂಡ್ ಹಾಳೆ, ಕೂದಲೆಳೆಯ ತಾಮ್ರ, ಅದರ ಕೆಳಗೆ ನೇಯ್ದ ಗಾಜಿನ ನೂಲು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಸಾಕು, ನೀಲಿ ಬೆಳಕು ಹಚ್ಚುವ ಅವಶ್ಯಕತೆಯೇ ಬರೋದಿಲ್ಲ.

ಮುಂದಿನ ವಾರ ನಿಮ್ಮ ಆಫೀಸಿನ ಯಾವುದೋ ಮೀಟಿಂಗಿನಲ್ಲಿ ಆ ತೇಲುವ ಹಲಗೆಗಳು ಪರದೆ ಮೇಲೆ ಬಂದೇ ಬರುತ್ತವೆ. ಆಗ ಸುಮ್ಮನೆ ಕೈ ಎತ್ತಿ ನಮ್ಮ ಕಟ್ಟೆಯವರ ಪ್ರಶ್ನೆಗಳನ್ನೇ ಕೇಳಿ. ಯಾವುದು ಎಷ್ಟು ದಪ್ಪ? ಅಂಟು ಎಲ್ಲಿದೆ, ಗಟ್ಟಿ ಎಲ್ಲಿದೆ? ತೂತಿನ ಗೋಡೆಗೆ ಏನಿದೆ? ಜೊತೆಗೆ ಇನ್ನೊಂದು ಸೇರಿಸಿ: ಹೋದ ಕರೆಂಟು ವಾಪಸ್ ಬರೋದು ಯಾವ ದಾರಿಯಲ್ಲಿ? ಪರದೆ ಮುಂದೆ ನಿಂತವರು ಚಿತ್ರ ನೋಡಿ ಉತ್ತರ ಹೇಳಿದರೆ ನನ್ನ ಕಡೆಯಿಂದಲೂ ಒಂದು ಚಪ್ಪಾಳೆ ಹೊಡೀರಿ. “ಅದನ್ನು ಆಮೇಲೆ ಆಫ್‌ಲೈನ್ ಮಾತಾಡೋಣ” ಅಂದರೆ ಆ ಸ್ಲೈಡನ್ನು ಅಲ್ಲೇ ಅಳಿಸೋಕೆ ಹೇಳಿ.